ದುರ್ಗದ ಲಾಡ್ಜಿನಲ್ಲಿ ಎರಡು ತಿಂಗಳು

ಕಳೆದ ತಿಂಗಳು ತರಬೇತಿಯೊಂದಕ್ಕೆ ಚಿತ್ರದುರ್ಗಕ್ಕೆ ಹೋಗಬೇಕಾಯಿತು. ರೂಮನ್ನು ಮಗಳು ಮೊಬೈಲಿನಲ್ಲೇ ಹಿಡಿದು ಕೊಟ್ಟಿದ್ದಳು. ಆದರೂ ಬಸ್ಸು ಹಿರಿಯೂರು ದಾಟುತ್ತಿದ್ದಂತೆ ನನಗೆ ಶುರುವಾಯಿತು. ಕೌಂಟರಿನಲ್ಲಿ ಒಬ್ಬರೇನಾ ಎಂದು ಕೇಳಿದರೆ ಏನು ಹೇಳುವುದು? ಹೌದು ಎಂದರೆ, ಯಾಕೆ ಒಬ್ಬರೇ ಎಂದು ಕೇಳಿದರೆ? ತರಬೇತಿ ಎಂದರೆ, ಆದೇಶ ತೋರಿಸಿ ಎಂದರೆ? ಆದೇಶದ ಮೂರು ಜೆರಾಕ್ಸ್ ಪ್ರತಿಗಳು ಬ್ಯಾಗಿನಲ್ಲಿದ್ದವು. ಇವೆಯೋ ಇಲ್ಲವೋ ಎಂದು ದಾರಿಯಲ್ಲಿ ಎರಡು ಸಲ ಮುಟ್ಟಿ ನೋಡಿಕೊಂಡೆ. ಕೌಂಟರಿನಲ್ಲಿದ್ದ ಹುಡುಗಿ “ಒಬ್ರೇನಾ ಮೇಡಂ?” ಎಂದಳು. ಹೌದು ಎಂದೆ. ಕೀ ಕೊಟ್ಟಳು. ಅಷ್ಟೇ. ನಲವತ್ತು ಕಿಲೋಮೀಟರ್ ಉದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಉತ್ತರಗಳನ್ನು ಯಾರೂ ಕೇಳಲೇ ಇಲ್ಲ.

ಮೇಲೆ ಹೋಗಿ ರೂಮಿನ ಬಾಗಿಲು ತೆಗೆದೆ. ಫಿನಾಯಿಲು, ಊದುಬತ್ತಿ, ಸರಿಯಾಗಿ ಒಣಗದ ಹಾಸಿಗೆ, ಮೂರೂ ಬೆರೆತ ವಾಸನೆ ಬಂತು. ಹೊಸ ಲಾಡ್ಜು, ಹೊಸ ಬಣ್ಣ, ವಾಸನೆ ಮಾತ್ರ ಹಳೆಯದೇ. ಹೊಸಿಲಿನಲ್ಲೇ ನಿಂತುಬಿಟ್ಟೆ. ಕರಿಬಸಪ್ಪನವರ ನೆನಪಾಯಿತು.

ನಾಲ್ಕು ವರ್ಷದ ಹಿಂದಿನ ಮಾತು. ತಿಪಟೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ ನನ್ನನ್ನು ಜೂನ್ ಮೊದಲ ವಾರ ಹೊಳಲ್ಕೆರೆಗೆ ನಿಯೋಜನೆ ಮಾಡಿದರು. ಆದೇಶದ ಕೊನೆಗೆ ‘ಮುಂದಿನ ಆದೇಶದವರೆಗೆ’ ಎಂದಿತ್ತು. ಸಾಮಾನ್ಯ ಮನುಷ್ಯರು ಇದನ್ನು ಓದಿ ಮನೆ ಹುಡುಕುತ್ತಾರೆ. ನಾನು ಮುಂದಿನ ಆದೇಶ ಯಾವಾಗ ಬರಬಹುದು ಎಂದು ಯೋಚಿಸತೊಡಗಿದೆ. ಮನೆ ಹಿಡಿದು, ಮುಂಗಡ ಕೊಟ್ಟು, ಗ್ಯಾಸ್ ಒಲೆ ಹೊತ್ತುಕೊಂಡು ಹೋದ ಮರುದಿನವೇ ವಾಪಸ್ ಕರೆದರೆ? ಹೊಳಲ್ಕೆರೆಯಲ್ಲೇ ಲಾಡ್ಜಿನಲ್ಲಿ ಉಳಿದರೆ ವಿದ್ಯಾರ್ಥಿಗಳ ಕಣ್ಣಿಗೆ ಬೀಳುತ್ತೇನೆ. ಹೀಗೆ ಎಲ್ಲ ದಿಕ್ಕಿನಿಂದಲೂ ಹೆದರಿ, ಚಿತ್ರದುರ್ಗದಲ್ಲಿ ಒಂದು ವಾರ ಲಾಡ್ಜಿನಲ್ಲಿದ್ದು ದಿನಾ ಬಸ್ಸಿನಲ್ಲಿ ಓಡಾಡುವುದೆಂದು ತೀರ್ಮಾನಿಸಿದೆ. ಆ ಒಂದು ವಾರ ಎರಡು ತಿಂಗಳಾಯಿತು.

ಮೊದಲ ದಿನ ನಾಲ್ಕು ಲಾಡ್ಜುಗಳ ಮೆಟ್ಟಿಲು ಹತ್ತಿ ಇಳಿದೆ. ಎಲ್ಲ ಕಡೆಯೂ ಫ್ಯಾಮಿಲಿಗೆ ಮಾತ್ರ, ಒಂಟಿ ಹೆಂಗಸರಿಗೆ ರೂಮಿಲ್ಲ ಎಂದರು. ಸಿಡುಕಿ ಹೇಳಿದವರಿಲ್ಲ, ಮುಖ ನೋಡಿ ಹೇಳಿದವರೂ ಇಲ್ಲ. ನಲವತ್ತೊಂಬತ್ತು ವರ್ಷದ, ಮಂಡಿನೋವಿನ, ಬಿ.ಪಿ. ಮಾತ್ರೆಯ ಹೆಂಗಸಿನಿಂದ ಒಂದು ಮೂರಂತಸ್ತಿನ ಕಟ್ಟಡಕ್ಕೆ ಏನಾಗಬಹುದೋ ನನಗೆ ಹೊಳೆಯಲಿಲ್ಲ. ಐದನೆಯದರ ಕೌಂಟರಿನಲ್ಲಿ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡ, ಅರವತ್ತರ ಹತ್ತಿರದ ಮನುಷ್ಯರೊಬ್ಬರಿದ್ದರು. ಅವರೇ ಮ್ಯಾನೇಜರ್ ಕರಿಬಸಪ್ಪನವರು. “ಯಜಮಾನ್ರು?” ಎಂದು ಕೇಳಿದರು. ಹಿಂದಿನ ಬಸ್ಸಿಗೆ ಬರುತ್ತಿದ್ದಾರೆ ಎಂದೆ.

ಸುಳ್ಳು ಅಷ್ಟು ಸಲೀಸಾಗಿ ಬಂತು. ಸಾಲದೆಂದು ಮೊಬೈಲಿನಲ್ಲಿದ್ದ ನಮ್ಮ ಮನೆಯವರ ಆಧಾರ್ ಕಾರ್ಡಿನ ಫೋಟೋ ತೋರಿಸಿದೆ, ಕೆಳಗೆ ಹೋಗಿ ಅದರ ಪ್ರತಿ ತೆಗೆಸಿಕೊಂಡು ಬಂದೆ. ಕರಿಬಸಪ್ಪನವರು ರಿಜಿಸ್ಟರಿನಲ್ಲಿ ‘ಸದಾನಂದ, ಮತ್ತು ಕುಟುಂಬ’ ಎಂದು ದುಂಡಗೆ ಬರೆದರು. ಒಟ್ಟು ಜನ ಎರಡು. ‘ಮತ್ತು ಕುಟುಂಬ’ ಎಂಬುದು ನಾನು.

ರೂಮು ಎರಡನೇ ಮಹಡಿಯಲ್ಲಿ. ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮಿ, ಆಮೇಲೆ ನೀರು ಬಿಡುತ್ತಿತ್ತು. ಕನ್ನಡಿಯನ್ನು ಯಾವ ಎತ್ತರದವರಿಗಾಗಿ ಹೊಡೆದಿದ್ದರೋ, ನನಗೆ ಹಣೆಯಿಂದ ಮೇಲೆ ಮಾತ್ರ ಕಾಣುತ್ತಿತ್ತು. ಬಟ್ಟೆ ಒಗೆಯಬಾರದು ಎಂಬ ಬೋರ್ಡಿನ ಕೆಳಗೇ ಬಕೆಟ್ಟಿತ್ತು. ಕಿಟಕಿ ತೆಗೆದರೆ ಕೋಟೆಯ ಬಂಡೆಗಳು, ಅದರಾಚೆ ದೂರದ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಆ ಯಂತ್ರಗಳನ್ನು ಅಲ್ಲಿ ಯಾಕೆ ನಿಲ್ಲಿಸಿದ್ದಾರೆಂದು ಜೂನ್ ಎರಡನೇ ವಾರಕ್ಕೆ ಗೊತ್ತಾಯಿತು. ಗಾಳಿ ಎಂದರೆ ಅಂಥಿಂಥ ಗಾಳಿಯಲ್ಲ. ಮಳೆ ಎಂಬುದು ಹೆಸರಿಗೆ ನಾಲ್ಕು ಹನಿ. ಗಾಳಿ ಮಾತ್ರ ಹಗಲೂ ರಾತ್ರಿ ಬಾಗಿಲು ಹಿಡಿದು ಅಲ್ಲಾಡಿಸುತ್ತಿತ್ತು. ನಾನು ಬಾಗಿಲಿಗೆ ಚಿಲಕ ಹಾಕಿ, ಕುರ್ಚಿ ಒತ್ತಿ, ಕುರ್ಚಿಯ ಮೇಲೆ ತುಂಬಿದ ಬಕೆಟ್ಟಿಟ್ಟು ಮಲಗುತ್ತಿದ್ದೆ. ಬೆಳಿಗ್ಗೆ ಕಸ ಗುಡಿಸಲು ಬರುತ್ತಿದ್ದ ತಿಪ್ಪಮ್ಮ, ನಾನು ಇಷ್ಟನ್ನೂ ತೆಗೆದು ಬಾಗಿಲು ತೆರೆಯುವವರೆಗೆ ಹೊರಗೆ ಕಾದು ನಿಂತು, “ಮೇಡಂ, ಕೋಟೆ ಆ ಕಡೆ ಐತೆ. ಇಲ್ಲೊಂದು ಯಾಕ್ ಕಟ್ಟಾಕತ್ತೀರಿ?” ಎಂದಿದ್ದಳು.

ಮೂರನೆಯ ದಿನ ಕೀ ಕೊಡಲು ಹೋದಾಗ ಕರಿಬಸಪ್ಪನವರು ರಿಜಿಸ್ಟರಿನಿಂದ ತಲೆ ಎತ್ತದೆ ಕೇಳಿದರು: “ಯಜಮಾನ್ರ ಬಸ್ಸು ಇನ್ನೂ ಹಿರಿಯೂರು ಬಿಟ್ಟಿಲ್ಲೇನ್ರಿ?”

ಏನೋ ತೊದಲಿದೆ. ಅವರು ಪೆನ್ನನ್ನು ಕಿವಿಗೆ ಸಿಕ್ಕಿಸಿ, ಪಂಕ್ಚರ್ ಆಗಿರಬೇಕು ಬಿಡ್ರಿ, ಬರ್ತಾರೆ ಎಂದರು. ಅಷ್ಟೇ. ಅಂದಿನಿಂದ ಪ್ರತಿ ಸೋಮವಾರ ನಾನು ಊರಿನಿಂದ ವಾಪಸ್ ಬರುವ ಹೊತ್ತಿಗೆ ರಿಜಿಸ್ಟರಿನಲ್ಲಿ ಹೊಸ ಸಾಲು ಬರೆದು ಮುಗಿದಿರುತ್ತಿತ್ತು. ಪೊಲೀಸಿನವರೊಬ್ಬರು ಎಂದಿನ ತಪಾಸಣೆಗೆ ಬಂದು, ಈ ಸದಾನಂದ ಯಾರು ಎಂದು ಕೇಳಿದಾಗ, ಕೋಟೆ ನೋಡಲು ಹೋಗಿದ್ದಾರೆ ಎಂದರಂತೆ. ಮುಂದಿನ ತಿಂಗಳೂ ಅದೇ ಉತ್ತರ. ಬದುಕಿನಲ್ಲಿ ಒಂದು ಗುಡ್ಡವನ್ನೂ ಹತ್ತದ ನಮ್ಮ ಮನೆಯವರು ಆ ಗಾಳಿಯಲ್ಲಿ ಎಷ್ಟು ಸಲ ದುರ್ಗದ ಕೋಟೆ ಹತ್ತಿದರೋ.

ಲಾಡ್ಜಿನಲ್ಲಿ ನಾವೆಲ್ಲ ನಕ್ಕೆವು ನಿಜ. ಆದರೆ ನಗುವಿನ ಕೆಳಗೆ ಏನಿತ್ತೆಂದು ತಿಪ್ಪಮ್ಮ ಒಂದು ದಿನ ಬಿಡಿಸಿ ಹೇಳಿದಳು. ಒಂಟಿ ಹೆಂಗಸರಿಗೆ ರೂಮು ಕೊಡಬಾರದು ಎಂಬುದು ಸಾಹುಕಾರರ, ಅಂದರೆ ಲಾಡ್ಜಿನ ಮಾಲೀಕರ, ಕಟ್ಟಪ್ಪಣೆ. ಹಿಂದೆ ಯಾವಾಗಲೋ ಒಬ್ಬ ಹೆಣ್ಣುಮಗಳು ರೂಮು ಹಿಡಿದು ಮಾತ್ರೆ ನುಂಗಿದ್ದಳಂತೆ. ಜೀವ ಉಳಿಯಿತು, ಸಾಹುಕಾರರು ಮಾತ್ರ ಆರು ತಿಂಗಳು ಠಾಣೆಗೆ ಅಲೆದರು. ಈಗ ಗೊತ್ತಾದರೆ ಕರಿಬಸಪ್ಪನವರ ಕೆಲಸ ಹೋಗುತ್ತದೆ. ಕೆಲಸದ ಜೊತೆ ಮನೆಯೂ. ಹೆಂಡತಿ ತೀರಿಕೊಂಡ ಮೇಲೆ ಅವರು ಇರುವುದು ಲಾಡ್ಜಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲೇ.

ಅಂದೇ ರೂಮು ಬಿಡಬೇಕಿತ್ತು. ನಾನೇನು ಮಾಡಿದೆ? ಚಿಂತೆ ಮಾಡಿದೆ. ಚಿಂತೆ ಮಾಡುವುದನ್ನೇ ನಾನು ಏನೋ ಮಾಡುವುದೆಂದು ತಿಳಿದಿದ್ದೇನೆ. ಚಿಂತಿಸಿ ಮುಗಿದ ಮೇಲೆ ಕರ್ತವ್ಯ ಮುಗಿಸಿದ ಸಮಾಧಾನವೂ ಆಗುತ್ತದೆ. ಮುಂದಿನ ವಾರ ಆದೇಶ ಬರಬಹುದು, ಅಲ್ಲಿಯವರೆಗೆ ಎಂದುಕೊಂಡೆ. ಸಾಹುಕಾರರು ಅಮಾವಾಸ್ಯೆಗೊಮ್ಮೆ ಮಾತ್ರ ಸಂಜೆ ದೀಪ ಹಚ್ಚುವ ಹೊತ್ತಿಗೆ ಪೂಜೆಗೆ ಬರುತ್ತಿದ್ದರು. ಜೂನ್ ತಿಂಗಳ ಅಮಾವಾಸ್ಯೆಯಂದು ನಾನು ಕಾಲೇಜು ಬಿಟ್ಟ ಮೇಲೆ ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಮೂರು ಬಸ್ಸು ಬಿಟ್ಟೆ. ವಿದ್ಯಾರ್ಥಿಗಳ ಕಣ್ಣಿಗೆ ಬೀಳಬಾರದೆಂದು ದುರ್ಗದಲ್ಲಿ ಉಳಿದವಳು ಅರ್ಧ ತರಗತಿಗೆ ನಮಸ್ಕಾರ ಹೇಳಿಸಿಕೊಂಡೆ.

ಇನ್ನೊಂದು ಸುಳ್ಳಿತ್ತು. ಅದು ಮನೆಯಲ್ಲಿ ಹೇಳಿದ್ದು. ಆ ಮಹಡಿಯಲ್ಲೆಲ್ಲ ನನ್ನಂಥ ಲೆಕ್ಚರರ್ ಹೆಂಗಸರೇ ಇದ್ದಾರೆ, ಮ್ಯಾನೇಜರು ಮನೆಯ ಹಿರಿಯರ ಹಾಗೆ ನೋಡಿಕೊಳ್ಳುತ್ತಾರೆ ಎಂದು ಇವರಿಗೆ ಹೇಳಿದ್ದೆ. ಎರಡನೆಯ ಅರ್ಧ ನಿಜ. ಒಂಟಿ ಹೆಂಗಸರಿಗೆ ರೂಮು ಕೊಡದ ಜಾಗದಲ್ಲಿ, ಇವರ ಹೆಸರಿನ ಮರೆಯಲ್ಲಿ ಇದ್ದೇನೆಂದು ತಿಳಿದರೆ ಇವರು ಮರುದಿನವೇ ಕರೆದುಕೊಂಡು ಹೋಗುತ್ತಿದ್ದರು. ಇವರು ಜಗಳದ ಮನುಷ್ಯರಲ್ಲ. ಮರ್ಯಾದೆಯ ಮನುಷ್ಯರು. ಆಟೋದವನಿಗೂ ಥ್ಯಾಂಕ್ಸ್ ಹೇಳದೆ ಇಳಿಯುವುದಿಲ್ಲ.

ಭೀಮನ ಅಮಾವಾಸ್ಯೆ ಆ ವರ್ಷ ಭಾನುವಾರ ಬಂತು. ಮಧ್ಯಾಹ್ನ ಯಾವುದೋ ನೇಮಕಾತಿ ಪರೀಕ್ಷೆಗೆ ಮೇಲ್ವಿಚಾರಣೆ ಹಾಕಿದ್ದರಿಂದ ನಾನು ಊರಿಗೆ ಹೋಗಿರಲಿಲ್ಲ. ಮದುವೆಯಾದಾಗಿನಿಂದ ಆ ದಿನದ ಗಂಡನ ಪೂಜೆ ತಪ್ಪುತ್ತಿರುವುದು ಇದೇ ಮೊದಲು ಎಂದು ಹಿಂದಿನ ದಿನ ಫೋನಿನಲ್ಲಿ ಕೊರಗಿದ್ದೆ. ಸಂಜೆ ಸಾಹುಕಾರರು ಬರುವ ಹೊತ್ತಿಗೆ ಪರೀಕ್ಷಾ ಕೇಂದ್ರದಲ್ಲಿರುತ್ತೇನೆ ಎಂಬ ನಿಶ್ಚಿಂತೆಯಿಂದ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒಗೆಯಬಾರದ ಬಟ್ಟೆ ಒಗೆದು, ಒಣಹಾಕಲು ತಾರಸಿಯ ಕೀ ಕೇಳೋಣವೆಂದು ಬಕೆಟ್ ಹಿಡಿದು ಮೆಟ್ಟಿಲಿಳಿದೆ.

ಕೌಂಟರಿನ ಮುಂದೆ ನಮ್ಮ ಮನೆಯವರು ನಿಂತಿದ್ದರು. ಕಾಲ ಬಳಿ ಒಂದು ಚೀಲ ತೆಂಗಿನಕಾಯಿ. ಕೌಂಟರಿನ ಹಿಂದೆ ಕರಿಬಸಪ್ಪನವರು ನಿಂತಿದ್ದರು. ಅವರ ಕುರ್ಚಿಯಲ್ಲಿ ರೇಷ್ಮೆ ಪಂಚೆಯ ಇನ್ನೊಬ್ಬರು ಕುಳಿತಿದ್ದರು. ಸಂಜೆ ತಮ್ಮ ಮನೆಯಲ್ಲೂ ಪೂಜೆ ಇದ್ದುದರಿಂದ ಸಾಹುಕಾರರು ಆ ಸಲ ಬೆಳಿಗ್ಗೆಯೇ ಬಂದಿದ್ದರು.

ನಡೆದದ್ದನ್ನು ಆಮೇಲೆ ಇವರೇ ಸಂತೋಷದಿಂದ ಹೇಳಿದ ಭಾಗವನ್ನೂ ಸೇರಿಸಿ ಹೇಳುತ್ತೇನೆ. ಪೂಜೆ ತಪ್ಪಿತೆಂದು ಹೆಂಡತಿ ಕೊರಗಬಾರದೆಂದು ಇವರು ಬೆಳಗಿನ ಜಾವದ ಬಸ್ಸು ಹತ್ತಿದ್ದರು. ಬರಿಗೈಯಲ್ಲಿ ಹೋಗುವುದು ಹೇಗೆಂದು ಹಿತ್ತಲಿನ ಕಾಯಿ ಕೀಳಿಸಿ ತಂದಿದ್ದರು. ಕುರ್ಚಿಯಲ್ಲಿ ಕುಳಿತವರೇ ಮ್ಯಾನೇಜರೆಂದು ತಿಳಿದು, ಕೈ ಮುಗಿದು, ತುಂಬು ಮನಸ್ಸಿನಿಂದ ಹೇಳಿದ್ದರು: ಎರಡು ತಿಂಗಳಿಂದ ನನ್ನ ಹೆಂಡತಿ ನಿಮ್ಮಲ್ಲಿ ಒಬ್ಬಳೇ ಇದ್ದಾಳೆ, ಒಂದು ದಿನವೂ ಭಯವಾಗಲಿಲ್ಲವಂತೆ, ಈ ಕಾಲದಲ್ಲಿ ಹೀಗೆ ನೋಡಿಕೊಳ್ಳುವವರು ಯಾರಿದ್ದಾರೆ.

ನಾನು ಕೊನೆಯ ಮೆಟ್ಟಿಲಿಗೆ ಬಂದಾಗ ಸಾಹುಕಾರರು ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಓದುತ್ತಿದ್ದರು.

“ಇಲ್ಲಿ ಸದಾನಂದ ಅಂತ ಬರ್ದೈತಲ್ಲ, ಇವ್ರು ಯಾರು?”

“ನಾನೇ,” ಎಂದರು ಇವರು, ನಗುತ್ತ.

“ನೀವು ಯಾವಾಗ ಬಂದ್ರಿ?”

“ಈಗ ತಾನೇ. ಎಂಟೂವರೆಗೆ ಇಳಿದೆ.”

ಸಾಹುಕಾರರು ಹಾಳೆ ಹಿಂದಕ್ಕೆ ತಿರುವಿದರು. ಇನ್ನೊಂದು ಹಾಳೆ. ಇನ್ನೊಂದು. ಎಲ್ಲದರಲ್ಲೂ ದುಂಡಗೆ ನಮ್ಮ ಮನೆಯವರು. ಆಮೇಲೆ ನನ್ನನ್ನು ನೋಡಿದರು. ಅವರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಗದರಲಿಲ್ಲ. ಭಯಪಟ್ಟ ಮನುಷ್ಯರ ಮುಖ ನನಗೆ ಚೆನ್ನಾಗಿ ಗೊತ್ತು, ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ಅವರದೂ ಅದೇ ಮುಖ.

“ಒಂದೇ ಮಾತು ಹೇಳಿಬಿಡಮ್ಮ. ಒಬ್ರೇ ಇರಾಕೆ ಬಂದೀನಿ ಅಂತ ಇವ್ನಿಗೆ ಹೇಳಿದ್ರಾ, ಇಲ್ಲ ಯಜಮಾನ್ರು ಬರ್ತಾರೆ ಅಂತ ಹೇಳಿದ್ರಾ?”

ಕರಿಬಸಪ್ಪನವರ ಕೆಲಸ ನನ್ನ ಉತ್ತರದ ಮೇಲೆ ನಿಂತಿತ್ತು. ಸುಳ್ಳು ಹೇಳಿದ್ದು ನಾನು, ಆಧಾರ್ ಪ್ರತಿ ಕೊಟ್ಟು ನಂಬಿಸಿದ್ದು ನಾನು ಎಂದರೆ ಅವರು ಉಳಿಯುತ್ತಿದ್ದರು. ಮೋಸ ಹೋದ ಮ್ಯಾನೇಜರನ್ನು ಬೈಯಬಹುದು, ಓಡಿಸುವುದಿಲ್ಲ. ಬಾಯಿ ತೆರೆದೆ. ಪಕ್ಕದಲ್ಲಿ ಇವರು ಇನ್ನೂ ನಗು ಪೂರ್ತಿ ಆರದ ಮುಖದಲ್ಲಿ ನನ್ನನ್ನೇ ನೋಡುತ್ತಿದ್ದರು. ಬಕೆಟ್ಟಿನಿಂದ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

“ಅವ್ರನ್ನ ಯಾಕ್ ಕೇಳ್ತೀರಿ?” ಎಂದರು ಕರಿಬಸಪ್ಪನವರು. “ನಂಗೆ ಗೊತ್ತಿತ್ತು. ನಾನೇ ಬರ್ಕಂಡಿದ್ದು.”

ತೆರೆದ ಬಾಯಿಯನ್ನು ನಾನು ಮುಚ್ಚಿದೆ.

ಸಾಹುಕಾರರು ನಿಮ್ಮದೇನೂ ತಪ್ಪಿಲ್ಲ ಎಂದು ನಮಗಿಬ್ಬರಿಗೂ ಕಾಫಿ ತರಿಸಿದರು. ಶನಿವಾರದೊಳಗೆ ಬೇರೆ ಕಡೆ ನೋಡಿಕೊಳ್ಳಿ ಎಂದರು, ಅದೂ ಮೆತ್ತಗೆ. ನಾವು ರೂಮಿಗೆ ಹೋದೆವು. ಇವರು ಮಂಚದ ತುದಿಯಲ್ಲಿ ಕುಳಿತರು. ಆ ಮನುಷ್ಯ ನನ್ನ ಹೆಸರನ್ನು ಯಾಕೆ ಬರೆದುಕೊಂಡ ಎಂದು ಕೇಳಿದರು. ಅವರದೇನೋ ರೂಲ್ಸು, ನಿಮ್ಮ ಆಧಾರ್ ಪ್ರತಿ ತೆಗೆದುಕೊಂಡಿದ್ದರು ಎಂದೆ. ರೂಲ್ಸಿಗೆ ಸುಳ್ಳು ಬರೆಯುತ್ತಾರೇನು, ಇದರಲ್ಲಿ ಏನೋ ಇದೆ, ಒಳ್ಳೆಯವನೆಂದುಕೊಂಡಿದ್ದೆ, ಏನೇನಕ್ಕೆ ಉಪಯೋಗಿಸುತ್ತಿದ್ದನೋ ನನ್ನ ಕಾರ್ಡು ಎಂದರು. ನಾನು ಬಟ್ಟೆ ಹಿಂಡುತ್ತ ನಿಂತಿದ್ದೆ. ಇಲ್ಲ ಎನ್ನಲು ಅದು ಎರಡನೆಯ ಅವಕಾಶ. ಅದನ್ನೂ ಬಿಟ್ಟೆ. ಕುಂಕುಮ, ಹೂವು ಇದ್ದಷ್ಟರಲ್ಲಿ ಪೂಜೆ ಮಾಡಿ ಇವರ ಕಾಲು ಮುಟ್ಟಿ ನಮಸ್ಕರಿಸಿದೆ. ಅಂಥ ಭೀಮನ ಅಮಾವಾಸ್ಯೆ ಯಾರಿಗೂ ಬೇಡ.

ಸಂಜೆ ಪರೀಕ್ಷೆ ಮುಗಿಸಿ ಬಂದಾಗ ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ತಿಪ್ಪಮ್ಮ ಗುಡಿಸುತ್ತಿದ್ದಳು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಆಟೋದಲ್ಲಿ ಹಿಡಿಸಿತು ಎಂದಳು. ಕಾಯಿಯ ಚೀಲ ಅಲ್ಲೇ ಗೋಡೆಗೆ ಒರಗಿತ್ತು.

“ನೀವು ಒಂದು ಮಾತಾಡಬೇಕಿತ್ತು ಮೇಡಂ,” ಎಂದಳು. “ಓದಿದೋರು.”

ಆ ವಾರ ನಾನು ಪಾಠ ಮಾಡಿದೆನೆಂದು ಹಾಜರಿ ಪುಸ್ತಕ ಹೇಳುತ್ತದೆ. ಏನು ಮಾಡಿದೆನೋ ನೆನಪಿಲ್ಲ. ಸಾಹುಕಾರರಿಗೆ ಪತ್ರ ಬರೆದೆ. ನಾಲ್ಕು ಸಲ ಬರೆದೆ. ಮೊದಲನೆಯದರಲ್ಲಿ ನನ್ನ ತಪ್ಪಿಗಿಂತ ನನ್ನ ಮಂಡಿನೋವೇ ಜಾಸ್ತಿ ಇತ್ತು. ನಾಲ್ಕನೆಯದು ಪರವಾಗಿಲ್ಲ ಅನ್ನಿಸಿತು: ನಾನೇ ಸುಳ್ಳು ಹೇಳಿದೆ, ಗಂಡ ಬರುತ್ತಾರೆಂದು ಪ್ರತಿ ವಾರ ನಂಬಿಸಿದೆ, ಮ್ಯಾನೇಜರು ಮೋಸ ಹೋದರು, ಅವರನ್ನು ವಾಪಸ್ ಕರೆಸಿಕೊಳ್ಳಿ. ಕೊಡುವ ಮುಂಚೆ ಕರಿಬಸಪ್ಪನವರಿಗೆ ತೋರಿಸಬೇಕೆನ್ನಿಸಿತು. ಅವರು ರಾಮಗಿರಿಯಲ್ಲಿ ಅಕ್ಕನ ಮನೆಯಲ್ಲಿದ್ದಾರೆಂದು ತಿಪ್ಪಮ್ಮ ಹೇಳಿದಳು. ಶುಕ್ರವಾರ ಮಧ್ಯಾಹ್ನ ರಜೆ ಹಾಕಿ ಹೊಳಲ್ಕೆರೆಯಿಂದ ಬಸ್ಸು ಹತ್ತಿದೆ.

ಗುಡ್ಡದ ಕೆಳಗೆ, ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಮನೆ. ಕರಿಬಸಪ್ಪನವರು ಜಗುಲಿಯ ಮೇಲೆ ಕುಳಿತು ಅಕ್ಕನ ಜೊತೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಹೆಸರಿಗೆ ಹುಣಸೆಹಣ್ಣು; ಕೈ ಸುಮ್ಮನಿರಲಾರದ್ದಕ್ಕೆ ಕಳೆದ ಬೇಸಿಗೆಯ ಉಂಡೆಗಳಿಂದ ಬೀಜ ಹುಡುಕುತ್ತಿದ್ದಂತಿತ್ತು. ನನ್ನನ್ನು ನೋಡಿ ಎದ್ದು, “ಬರ್ರಿ ಮೇಡಂ, ಕುಂತ್ಕಳ್ರಿ,” ಎಂದು ಚಾಪೆ ಕೊಡವಿ ಹಾಕಿದರು. ವಿಭೂತಿ ಇತ್ತು, ಕಿವಿಯ ಮೇಲೆ ಪೆನ್ನು ಇರಲಿಲ್ಲ. ನಾಳೆ ರೂಮು ಬಿಡಬೇಕಲ್ಲ, ಎಲ್ಲಿಗೆ ಹೋಗುತ್ತೀರಿ ಎಂಬುದೇ ಅವರ ಮೊದಲ ಪ್ರಶ್ನೆ. ದುರ್ಗದಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಹಾಸಿಗೆ ಖಾಲಿಯಾಗುತ್ತದೆಂದು ವಿಚಾರಿಸಿ ಇಟ್ಟಿದ್ದರು. ತಮಗೆ ಹಾಲುರಾಮೇಶ್ವರದ ಕಡೆ ಒಂದು ಛತ್ರದಲ್ಲಿ ಕೆಲಸ ಇರಬಹುದಂತೆ, ಇಲ್ಲದೆಯೂ ಇರಬಹುದು ಎಂದು ಅದನ್ನು ಆಮೇಲೆ ಸೇರಿಸಿದರು. ಅವರ ಅಕ್ಕ ಒಳಗಿನಿಂದ ಮಜ್ಜಿಗೆ ತಂದು ನನ್ನ ಮುಂದಿಟ್ಟು ಒಳಗೆ ಹೋದರು. ಆ ಲೋಟವನ್ನು ಇಟ್ಟ ಸದ್ದಿನಲ್ಲಿ ಎಲ್ಲ ಇತ್ತು.

ಪತ್ರ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನೀಟಾಗಿ ಮಡಚಿದರು.

“ಮೋಸ ಹೋದೆ ಅಂತ ಬರ್ದೀರಿ.”

ಹಾಗೆ ಬರೆದರೇ ಸಾಹುಕಾರರು ವಾಪಸ್ ಕರೆಯುತ್ತಾರೆ ಎಂದೆ.

“ಕರೀತಾರೆ. ಅವ್ರು ಒಳ್ಳೇರು.” ಕನ್ನಡಕ ತೆಗೆದು ಕೆಳಗಿಟ್ಟರು. “ಹತ್ತೊಂಬತ್ತು ವರ್ಷ ಆ ಕೌಂಟರ್ನಾಗೆ ನಿಂತಿದ್ದೆ ಮೇಡಂ. ಒಂಟಿ ಹೆಣ್ಮಕ್ಳು ಬಂದ್ರೆ ಇಲ್ಲ ಅಂದು ಕಳ್ಸೀನಿ. ಮಳೇಲಿ ಬಂದೋರ್ನ ಕಳ್ಸೀನಿ, ಆಸ್ಪತ್ರೆಗೆ ಅಂತ ಬಂದೋರ್ನ ಕಳ್ಸೀನಿ. ಅವ್ರೆಲ್ಲ ಎಲ್ಲಿ ಹೋದ್ರೋ. ನಿಮ್ಗೊಬ್ರಿಗೆ ಕೊಟ್ಟೆ. ಅದ್ನೂ ಮೋಸ ಹೋಗಿ ಕೊಟ್ಟ ಅಂತ ಮಾಡ್ತೀರಾ? ಗೊತ್ತಿದ್ದೇ ಕೊಟ್ಟ ಅಂತ ಇರ್ಲಿ ಬಿಡ್ರಿ.”

ಪತ್ರವನ್ನು ನನ್ನ ಕೈಗೆ ವಾಪಸ್ ಕೊಟ್ಟರು. ನನಗೆ ಅಳು ಬಂತು. ಅವರಿಗೆ ಮುಜುಗರವಾಯಿತು. ಯಜಮಾನರು ಚೆನ್ನಾಗಿದ್ದಾರಾ, ಅಷ್ಟು ಭಾರದ ಕಾಯಿ ಹೊತ್ತು ತಂದರಲ್ಲ, ದೊಡ್ಡ ಮನಸ್ಸು ಎಂದರು. ತಮ್ಮ ಬಗ್ಗೆ ಆ ದೊಡ್ಡ ಮನಸ್ಸು ಏನು ತಿಳಿದುಕೊಂಡಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತು ಮನೆಗೆ ಫೋನ್ ಮಾಡಿದೆ. ರೈಲು ಹತ್ತುವವಳಲ್ಲ, ಕುಳಿತುಕೊಳ್ಳಲು ಒಂದು ಜಾಗ ಬೇಕಿತ್ತು. ಇವರು ಎತ್ತಿದರು. ಮೊದಲ ದಿನದ ಸುಳ್ಳಿನಿಂದ ಶುರುಮಾಡಿ, ಎಲ್ಲೂ ನಿಲ್ಲಿಸದೆ, ಕೌಂಟರಿನ ಮುಂದೆ ಮುಚ್ಚಿದ ಬಾಯಿಯವರೆಗೆ ಎಲ್ಲ ಹೇಳಿದೆ. ಲೈನು ಕಟ್ಟಾಗಿದೆಯೇನೋ ಎಂದು ನಡುವೆ ಎರಡು ಸಲ ಮೊಬೈಲ್ ನೋಡಿಕೊಂಡೆ.

“ಅಂದರೆ, ನಾನು ಹೋಗಿ ಥ್ಯಾಂಕ್ಸ್ ಹೇಳಿ ಅವರ ಕೆಲಸ ಕಳೆದೆ,” ಎಂದರು ಕೊನೆಗೆ.

“ನೀವಲ್ಲ ರೀ. ನೀವು ಪಕ್ಕದಲ್ಲಿದ್ದೀರಿ ಅಂತ ನಾನು ಬಾಯಿ ಬಿಡಲಿಲ್ಲ.”

ಆಮೇಲೆ ಇವರ ದನಿ ಸಣ್ಣದಾಯಿತು. ಈ ಐದು ದಿನದಲ್ಲಿ ಆಫೀಸಿನಲ್ಲಿ ಹೇಳಿದ್ದರಂತೆ. ತಮ್ಮನ ಮನೆಯಲ್ಲಿ ಹೇಳಿದ್ದರಂತೆ. ದುರ್ಗದ ಆ ಲಾಡ್ಜಿನಲ್ಲಿ ಒಬ್ಬ ಮ್ಯಾನೇಜರಿದ್ದ, ಕಂಡವರ ಕಾರ್ಡು ಇಟ್ಟುಕೊಂಡು ಏನೇನೋ ಮಾಡುತ್ತಿದ್ದ, ಸಿಕ್ಕಿಬಿದ್ದ ಎಂದು. ನಮ್ಮ ಮಗಳಿಗೂ ಹೇಳಿದ್ದರು. ಅವಳ ಗೆಳತಿಯ ಅಪ್ಪ ದುರ್ಗದವರೇ, ಅವರಿಗೂ ಮುಟ್ಟಿತ್ತು.

“ಎಲ್ಲರಿಗೂ ನಿಜ ಹೇಳಬೇಕು,” ಎಂದೆ.

“ಹೇಳಬೇಕು,” ಎಂದರು. “ನಾನು ಹೇಳಲ್ಲ. ನೀನು ಹೇಳು. ನಾನು ಪಕ್ಕದಲ್ಲೇ ನಿಂತಿರ್ತೀನಿ.”